ಮನೆಯ ವರ್ಕ್‌ಶಾಪಿಗೆ ಸದ್ದು ಕಡಿಮೆಯ ಏರ್ ಕಂಪ್ರೆಸರ್: ಯಾವುದು ಯಾರಿಗೆ

ಅಂಗಡಿಗೆ ಹೋಗಿ ಕಂಪ್ರೆಸರ್ ಬೇಕು ಅಂದರೆ ಮೊದಲು ಕೇಳುವುದು "ಎಷ್ಟು ಎಚ್‌ಪಿ?", ಆಮೇಲೆ "ಎಷ್ಟು ಲೀಟರ್ ಟ್ಯಾಂಕು?". ಮನೆಯಲ್ಲಿ ಇಟ್ಟುಕೊಳ್ಳುವವರು ಇವೆರಡಕ್ಕೂ ಮೊದಲು ತಿಳಿಯಬೇಕಾದ್ದು ಬೇರೆ ಎರಡಿವೆ. ಮೋಟಾರು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದು ಒಂದು. ಕೆಲಸದ ಒತ್ತಡದಲ್ಲಿ ನಿಮಿಷಕ್ಕೆ ನಿಜವಾಗಿ ಎಷ್ಟು ಲೀಟರ್ ಗಾಳಿ ಕೊಡುತ್ತದೆ ಎಂಬುದು ಇನ್ನೊಂದು. ಸದ್ದು ಎಷ್ಟಿರುತ್ತದೆ ಎಂದು ಮೊದಲನೆಯದು ಹೇಳುತ್ತದೆ, ಕೆಲಸ ನಡೆಯುತ್ತದೋ ಇಲ್ಲವೋ ಎಂದು ಎರಡನೆಯದು.

ಅವಸರದಲ್ಲಿರುವವರಿಗೆ ತೀರ್ಪು ಮೊದಲೇ ಇಲ್ಲಿದೆ. ಮೊಳೆ ಗನ್, ಧೂಳು ಊದುವುದು, ಬೈಕು-ಕಾರಿನ ಚಕ್ರಕ್ಕೆ ಗಾಳಿ, ಸಣ್ಣಪುಟ್ಟ ಟಚಪ್ ಪೇಂಟಿಂಗ್ ಇಷ್ಟೇ ಕೆಲಸವಾದರೆ 1400 ಸುತ್ತಿನ ಮೋಟಾರಿರುವ, 24ರಿಂದ 30 ಲೀಟರ್ ಟ್ಯಾಂಕಿನ, ಎಣ್ಣೆ ಬೇಡದ ಕಂಪ್ರೆಸರ್ ತೆಗೆದುಕೊಳ್ಳಿ. ವಾರಕ್ಕೊಮ್ಮೆಯಾದರೂ ಸ್ಪ್ರೇ ಗನ್ ಹಿಡಿದು ಬಾಗಿಲು, ಕಪಾಟಿಗೆ ಪಾಲಿಶ್ ಹೊಡೆಯುವವರಾದರೆ ಬೆಲ್ಟಿನ 2 ಎಚ್‌ಪಿ ಯಂತ್ರವೇ ಬೇಕು. ಬರೀ ಏರ್‌ಬ್ರಷ್ (ಪೆನ್ನಿನಂತೆ ಹಿಡಿದು ಬಣ್ಣ ಊದುವ ಸಣ್ಣ ಗನ್) ಕೆಲಸಕ್ಕೆ ಏರ್‌ಬ್ರಷ್ ಕಂಪ್ರೆಸರ್ ಸಾಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಬೆಲ್ಟಿಲ್ಲದೆ ಮೋಟಾರಿಗೇ ಪಂಪು ಕೂತಿರುವ 2850 ಸುತ್ತಿನ 2 ಎಚ್‌ಪಿ "ಡೈರೆಕ್ಟ್" ಯಂತ್ರವನ್ನು ಅಕ್ಕಪಕ್ಕದಲ್ಲಿ ಮನೆ ಇರುವವರು ಕೊಳ್ಳಬೇಡಿ.

ಕೆಲಸಕ್ಕೆ ಎಷ್ಟು ಗಾಳಿ ಬೇಕು

ಲೆಕ್ಕಕ್ಕೆ ಬೇಕಾದ ಅಳತೆಗಳು ನಾಲ್ಕೇ. 1 ಸಿಎಫ್‌ಎಂ (ನಿಮಿಷಕ್ಕೆ ಒಂದು ಘನ ಅಡಿ ಗಾಳಿ) ಅಂದರೆ ನಿಮಿಷಕ್ಕೆ 28.3 ಲೀಟರ್. ಒತ್ತಡದ ಅಳತೆಯಲ್ಲಿ 1 ಬಾರ್ ಅಂದರೆ 14.5 ಪಿಎಸ್‌ಐ, ಕೆಲವು ಗೇಜುಗಳಲ್ಲಿ ಬರೆದಿರುವ "ಕೆಜಿ" ಕೂಡ ಹೆಚ್ಚುಕಡಿಮೆ ಅಷ್ಟೇ. 8 ಬಾರ್ ಅಂದರೆ 116 ಪಿಎಸ್‌ಐ. 1 ಎಚ್‌ಪಿ ಅಂದರೆ 746 ವ್ಯಾಟ್.

ಗಾಳಿಯ ಉಪಕರಣಗಳಲ್ಲಿ ಎರಡು ಜಾತಿ. ಒಂದು, ಒಂದೊಂದು ಗುಟುಕು ಕುಡಿದು ಸುಮ್ಮನಾಗುವವು. 18 ಗೇಜಿನ ಮೊಳೆ ಗನ್ ಒಂದು ಮೊಳೆಗೆ ಒಂದೂವರೆ ಲೀಟರ್ ಆಸುಪಾಸು ಗಾಳಿ ತಿನ್ನುತ್ತದೆ. ಕಾರಿನ ಚಕ್ರದೊಳಗೆ ಸುಮಾರು 32 ಲೀಟರ್ ಜಾಗ ಇದೆ ಅಂದುಕೊಂಡರೆ, 25 ಪಿಎಸ್‌ಐನಿಂದ 33ಕ್ಕೆ ಏರಿಸಲು ಬೇಕಾದ್ದು 18 ಲೀಟರ್ ಗಾಳಿ ಅಷ್ಟೇ. ಇಂಥ ಕೆಲಸಕ್ಕೆ ಸಣ್ಣ ಯಂತ್ರವೂ ಸಾಕು, ಟ್ಯಾಂಕಿನಲ್ಲಿ ತುಂಬಿಟ್ಟ ಗಾಳಿಯಲ್ಲೇ ಮುಗಿದುಹೋಗುತ್ತದೆ.

ಎರಡನೆಯ ಜಾತಿ, ಒಂದೇ ಸಮನೆ ಹೀರುವವು. 2 ಮಿ.ಮೀ. ತೂತಿನ ಬ್ಲೋ ಗನ್ ಅನ್ನು 6 ಬಾರಿನಲ್ಲಿ ಪೂರ್ತಿ ಒತ್ತಿ ಹಿಡಿದರೆ ನಿಮಿಷಕ್ಕೆ 250 ಲೀಟರಿನ ಆಸುಪಾಸು. ಹೆಚ್ಚು ಗಾಳಿ, ಕಡಿಮೆ ಒತ್ತಡದಲ್ಲಿ ಬಣ್ಣ ಹೊಡೆಯುವ 1.4 ಮಿ.ಮೀ. ನಾಜಲಿನ ಎಚ್‌ವಿಎಲ್‌ಪಿ ಸ್ಪ್ರೇ ಗನ್ 200ರಿಂದ 350. ಕಡಿಮೆ ಗಾಳಿಯಲ್ಲಿ ನಡೆಯುವ ಎಲ್‌ವಿಎಲ್‌ಪಿ ಗನ್ ಆದರೆ 100ರ ಹತ್ತಿರ. ಗಾಳಿಯ ಸ್ಯಾಂಡರ್, ಡೈ ಗ್ರೈಂಡರ್ 230 ದಾಟುತ್ತವೆ. ಏರ್‌ಬ್ರಷ್ ಮಾತ್ರ ಪಾಪದ್ದು, 0.3 ಮಿ.ಮೀ. ಸೂಜಿಗೆ 10ರಿಂದ 20 ಲೀಟರ್ ಕೊಟ್ಟರೆ ಸಾಕು.

ಈಗ ಟ್ಯಾಂಕಿನ ಲೆಕ್ಕ. 24 ಲೀಟರ್ ಟ್ಯಾಂಕು 8 ಬಾರ್‌ನಿಂದ 5 ಬಾರ್‌ಗೆ ಇಳಿಯುವಷ್ಟರಲ್ಲಿ ಹೊರಗೆ ಬರುವ ಗಾಳಿ 24 ಗುಣಿಸು 3, ಅಂದರೆ 72 ಲೀಟರ್. ಇಷ್ಟರಲ್ಲಿ ಮೋಟಾರು ಚಾಲೂ ಆಗದೆಯೇ ನಲವತ್ತೈದಕ್ಕೂ ಹೆಚ್ಚು ಮೊಳೆ ಹೊಡೆಯಬಹುದು. ಅದೇ ಟ್ಯಾಂಕಿಗೆ ಬ್ಲೋ ಗನ್ ಹಚ್ಚಿದರೆ, ಯಂತ್ರ ಪಕ್ಕದಲ್ಲಿ ನಿಮಿಷಕ್ಕೆ 70 ಲೀಟರ್ ತುಂಬುತ್ತಿದ್ದರೂ, 24 ಸೆಕೆಂಡಿಗೆ ಒತ್ತಡ 5 ಬಾರಿಗೆ ಬಂದಿರುತ್ತದೆ. 50 ಲೀಟರ್ ಟ್ಯಾಂಕಾದರೆ 50 ಸೆಕೆಂಡು. ದೊಡ್ಡ ಟ್ಯಾಂಕು ಗಾಳಿಯನ್ನು ಹುಟ್ಟಿಸುವುದಿಲ್ಲ, ಸ್ವಲ್ಪ ಹೊತ್ತು ಸಾಲ ಕೊಡುತ್ತದೆ ಅಷ್ಟೆ. ಆ ಸಾಲ ತೀರಿಸಲು ಮೋಟಾರು ಅಷ್ಟೇ ಹೆಚ್ಚು ಹೊತ್ತು ಓಡಬೇಕು. ಪಂಪು ಸಣ್ಣದಿಟ್ಟುಕೊಂಡು ಟ್ಯಾಂಕು ಮಾತ್ರ 100 ಲೀಟರ್ ಮಾಡಿಕೊಂಡವರ ಯಂತ್ರ ಬೇಗ ಕಾದು ಟ್ರಿಪ್ ಆಗುವುದು ಇದಕ್ಕೇ.

ಪ್ಲೇಟಿನ ಮೇಲೆ ಬರೆದದ್ದನ್ನು ಓದುವ ಬಗೆ

ಯಂತ್ರಕ್ಕೆ ಅಂಟಿಸಿದ ವಿವರದ ಪ್ಲೇಟಿನಲ್ಲಿ "120 ಲೀಟರ್/ನಿಮಿಷ" ಎಂದಿದ್ದರೆ ಬಹುತೇಕ ಅದು ಪಿಸ್ಟನ್ ನುಂಗುವ ಗಾಳಿಯ ಲೆಕ್ಕ, ಇಲ್ಲವೇ ಒತ್ತಡವೇ ಇಲ್ಲದಾಗಿನ ಲೆಕ್ಕ. ಒತ್ತಡ 6–7 ಬಾರಿಗೆ ಏರಿದಾಗ ಸಿಲಿಂಡರಿನ ತಲೆಯಲ್ಲಿ ಉಳಿದ ಗಾಳಿ ಮತ್ತೆ ಹಿಗ್ಗಿ ಹೊಸ ಗಾಳಿಗೆ ಜಾಗ ಕೊಡುವುದಿಲ್ಲ, ಸೀಲಿನ ಅಂಚಿನಲ್ಲೂ ಸೋರುತ್ತದೆ. ಕೈಗೆ ಸಿಗುವುದು ಅರ್ಧದಿಂದ ಮೂರನೇ ಎರಡು ಭಾಗ. 120 ಎಂದು ಬರೆದಿರುವ 750 ವ್ಯಾಟಿನ ಎಣ್ಣೆರಹಿತ ಯಂತ್ರ 60–70 ಕೊಟ್ಟರೆ ಅದು ಒಳ್ಳೆಯ ಯಂತ್ರವೇ. ಇಷ್ಟು ಸಣ್ಣ ಯಂತ್ರಗಳಲ್ಲಿ ನಿಜವಾದ ಒಂದು ಎಚ್‌ಪಿಗೆ ಮೂರು, ಮೂರೂವರೆ ಸಿಎಫ್‌ಎಂ ಬಂದರೆ ಹೆಚ್ಚು. ಅದಕ್ಕಿಂತ ಜಾಸ್ತಿ ಕೊಡುತ್ತೇನೆ ಅನ್ನುವ ಪೆಟ್ಟಿಗೆಯನ್ನು ನಂಬಬೇಡಿ.

ಎಚ್‌ಪಿಯಲ್ಲೂ ಉತ್ಪ್ರೇಕ್ಷೆ ಇದೆ. ಅದನ್ನು ಹಿಡಿಯಲು ಪ್ಲೇಟಿನಲ್ಲಿ ಆಂಪಿಯರ್ ನೋಡಿ. 230 ವೋಲ್ಟಿನ ಸಿಂಗಲ್ ಫೇಸ್ ಮೋಟಾರು ಪೂರ್ತಿ ಭಾರದಲ್ಲಿ ಒಂದು ಎಚ್‌ಪಿಗೆ 5–6 ಆಂಪಿಯರ್ ಎಳೆಯುತ್ತದೆ. ಪೆಟ್ಟಿಗೆಯ ಮೇಲೆ 3 ಎಚ್‌ಪಿ, ಪ್ಲೇಟಿನಲ್ಲಿ 7 ಆಂಪಿಯರ್ ಅಂತಿದ್ದರೆ ಅದು ಒಂದೂವರೆ ಎಚ್‌ಪಿಯೂ ಆಗುವುದಿಲ್ಲ.

ಇನ್ನು ಸುತ್ತು. ನಮ್ಮ ಕರೆಂಟು 50 ಹರ್ಟ್ಸ್‌ದು. ಅದರಲ್ಲಿ ಎರಡು ಪೋಲಿನ (ಕಾಂತಧ್ರುವದ) ಮೋಟಾರು ನಿಮಿಷಕ್ಕೆ 2850ರ ಸುಮಾರು ತಿರುಗುತ್ತದೆ, ನಾಲ್ಕು ಪೋಲಿನದು 1400ರ ಸುಮಾರು. ಬ್ರಷ್ ಇರುವ ಯೂನಿವರ್ಸಲ್ ಮೋಟಾರು ಹತ್ತು ಸಾವಿರ ದಾಟುತ್ತದೆ. ಪ್ಲೇಟಿನಲ್ಲಿ 1380, 1400, 1440 ಇವುಗಳಲ್ಲಿ ಯಾವುದಾದರೂ ಇದ್ದರೆ ಮಾತ್ರ "ಸೈಲೆಂಟ್" ಎಂಬ ಮಾತಿಗೆ ಅರ್ಥ. 2850 ಬರೆದು ಪಕ್ಕದಲ್ಲಿ "ಸೈಲೆಂಟ್" ಸ್ಟಿಕ್ಕರ್ ಅಂಟಿಸಿದ ಯಂತ್ರಗಳೂ ಮಾರುಕಟ್ಟೆಯಲ್ಲಿವೆ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಪ್ಲೇಟಿನ ಫೋಟೊ ಇಲ್ಲದ ಜಾಹೀರಾತನ್ನು ದಾಟಿ ಮುಂದೆ ಹೋಗಿ.

ಅಮೆರಿಕದಿಂದ ಸಾಮಾನಿನ ಜೊತೆ ಕಂಪ್ರೆಸರನ್ನೂ ತರುವ ಯೋಚನೆ ಇದ್ದವರಿಗೆ ಒಂದು ಮಾತು. ಅಲ್ಲಿನ ಮೋಟಾರು 120 ವೋಲ್ಟು, 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟೇಜು ಸರಿಹೋಗುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಇಲ್ಲಿ ಸುತ್ತು ಆರನೇ ಒಂದು ಭಾಗ ಕುಗ್ಗುತ್ತದೆ, ವೈಂಡಿಂಗ್ ಹೆಚ್ಚು ಕಾಯುತ್ತದೆ. ಬಿಟ್ಟು ಬನ್ನಿ.

ಯಂತ್ರಗಳ ಬಗೆ

*1400 ಸುತ್ತಿನ ಎಣ್ಣೆರಹಿತ.* ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಇರುವುದು ಇದೇ ಬಗೆಯದು. ನಡುವೆ ಮೋಟಾರು, ಎರಡೂ ಬದಿಗೆ ಒಂದೊಂದು ಸಿಲಿಂಡರ್ ಹೆಡ್. ಪಿಸ್ಟನ್ನಿಗೆ ಕೀಲಿಲ್ಲ, ಕನೆಕ್ಟಿಂಗ್ ರಾಡಿನ ತುದಿಯಲ್ಲೇ ಟೆಫ್ಲಾನ್ ಬಟ್ಟಲಿನಂಥ ಸೀಲು ಕೂತು ಸಿಲಿಂಡರಿನೊಳಗೆ ತೂಗಾಡುತ್ತ ಮೇಲೆ ಕೆಳಗೆ ಹೋಗುತ್ತದೆ. 550ರಿಂದ 750 ವ್ಯಾಟಿನ, 24–25 ಲೀಟರಿನ ಯಂತ್ರ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ತೂಕ ಒಬ್ಬರೇ ಎತ್ತಿ ಆಚೀಚೆ ಇಡುವಷ್ಟು. ಅಡ್ಡ ಮಲಗಿಸಿ ಕಾರಿನಲ್ಲಿ ಸಾಗಿಸಿದರೂ ಎಣ್ಣೆ ಚೆಲ್ಲುವ ಭಯವಿಲ್ಲ. ಒಂದು ಮೀಟರ್ ದೂರದಲ್ಲಿ 65–70 ಡೆಸಿಬಲ್ ಸದ್ದು.

ಕೊರತೆ ಏನೆಂದರೆ, ಇದು ಬಿಡುವಿಲ್ಲದೆ ಓಡುವ ಯಂತ್ರವಲ್ಲ. ಹತ್ತು ನಿಮಿಷ ಓಡಿದರೆ ಹತ್ತು ನಿಮಿಷ ಸುಮ್ಮನಿರಬೇಕು ಅಂದುಕೊಂಡೇ ಕೆಲಸ ಹೊಂದಿಸಿ. ಬಿಡದೆ ಓಡಿಸಿದರೆ ಹೆಡ್ಡು ಕಾದು ಸೀಲಿನ ಅಂಚು ಸವೆಯುತ್ತದೆ. ಬಟ್ಟೆಯಿಂದ ಒರೆಸಿದರೆ ಕಪ್ಪು ಪುಡಿ ಅಂಟುವುದು ಅದರದ್ದೇ. ಸವೆದದ್ದಕ್ಕೆ ಗುರುತು, ಟ್ಯಾಂಕು ತುಂಬುವ ಹೊತ್ತು ಬರಬರುತ್ತಾ ಜಾಸ್ತಿಯಾಗಿ ಕೊನೆಗೆ 5–6 ಬಾರಿನಲ್ಲೇ ನಿಂತುಬಿಡುವುದು. ಸೀಲು, ಸಿಲಿಂಡರ್ ಸ್ಲೀವು, ರೀಡ್ ವಾಲ್ವಿನ (ಗಾಳಿಯನ್ನು ಒಂದೇ ಕಡೆಗೆ ಬಿಡುವ ತೆಳು ತಗಡು) ತಟ್ಟೆ ಮೂರೂ ಬಿಡಿಯಾಗಿ ಸಿಗುತ್ತವೆ. ನಾಲ್ಕು ಬೋಲ್ಟು ಬಿಚ್ಚಿದರೆ ಹೆಡ್ಡು ಕೈಗೆ ಬರುತ್ತದೆ. ಸೀಲಿನ ತೆರೆದ ಬಾಯಿ ಹೆಡ್ಡಿನ ಕಡೆಗಿರಬೇಕು ಎಂಬುದೊಂದು ನೆನಪಿರಲಿ. ತಿರುಗಾಮುರುಗಾ ಕೂರಿಸಿದರೆ ಯಂತ್ರ ಓಡುತ್ತದೆ, ಗಾಳಿ ಮಾತ್ರ ಬರುವುದಿಲ್ಲ.

*2850 ಸುತ್ತಿನ ಡೈರೆಕ್ಟ್.* ಕೆಂಪೋ ನೀಲಿಯೋ ಬಣ್ಣ, ಚಕ್ರ, ಹಿಡಿಕೆ, 24 ಅಥವಾ 50 ಲೀಟರ್ ಟ್ಯಾಂಕು, ಹೆಸರಿಗೆ 2 ಎಚ್‌ಪಿ. ಮೋಟಾರಿನ ಶಾಫ್ಟಿಗೇ ಕ್ರ್ಯಾಂಕು ಕೂತಿರುತ್ತದೆ. ಕೊಟ್ಟ ದುಡ್ಡಿಗೆ ಬರುವ ಗಾಳಿ ಲೆಕ್ಕ ಹಾಕಿದರೆ ಇದೇ ಅಗ್ಗ. 6–7 ಬಾರಿನಲ್ಲಿ 100 ಲೀಟರ್ ಕೊಡುತ್ತದೆ. ಆದರೆ ಒಂದು ಮೀಟರಿನಲ್ಲಿ 85–95 ಡೆಸಿಬಲ್. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುವಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಅದೂ ಒಂದೊಂದು ಸಲಕ್ಕೆ ಮೂರು ನಿಮಿಷ. ತೋಟದ ಶೆಡ್ಡಿಗೆ, ಕಟ್ಟಡದ ಕೆಲಸಕ್ಕೆ ಸರಿ. ಇದಕ್ಕೆ ಎಣ್ಣೆ ಬೇಕು. ಗಾಜಿನ ಕಣ್ಣಿನಲ್ಲಿ ಕೆಂಪು ಚುಕ್ಕಿಯ ಮಟ್ಟಕ್ಕೆ ಎಣ್ಣೆ ಕಾಣಬೇಕು, ಓಡುವಾಗ ಯಂತ್ರ ಸಮತಟ್ಟಾಗಿ ನಿಂತಿರಬೇಕು.

*ಬೆಲ್ಟಿನದು.* ಪಂಕ್ಚರ್ ಅಂಗಡಿಯಲ್ಲಿ ವರ್ಷಗಟ್ಟಲೆ ಓಡುತ್ತಿರುವುದು ಇದು. ಮೋಟಾರಿನ ಸಣ್ಣ ಪುಲ್ಲಿಯಿಂದ ಪಂಪಿನ ದೊಡ್ಡ ಪುಲ್ಲಿಗೆ ಬೆಲ್ಟು ಹಾಕಿರುವುದರಿಂದ ಪಂಪು 700–900 ಸುತ್ತಿನಲ್ಲಿ ನಿಧಾನವಾಗಿ ತಿರುಗುತ್ತದೆ. ಸದ್ದು 75–80 ಡೆಸಿಬಲ್ ಬಂದರೂ ಅದು ದಪ್ಪ ದನಿಯ "ದುಗು ದುಗು", ಕಿವಿ ಕೊರೆಯುವ ಕಿರುಚಲ್ಲ. ಹೊತ್ತುಗಟ್ಟಲೆ ಓಡಿಸಬಹುದು. 1 ಎಚ್‌ಪಿಯದು 80–90 ಲೀಟರ್ ಕೊಡುತ್ತದೆ, 2 ಎಚ್‌ಪಿಯದು 140ರ ಸುಮಾರು. 140 ಲೀಟರಿಗೆ ಎಲ್‌ವಿಎಲ್‌ಪಿ ಗನ್ ನಿಲ್ಲಿಸದೆ ನಡೆಯುತ್ತದೆ; ಎಚ್‌ವಿಎಲ್‌ಪಿ ಗನ್ ಆದರೆ ಒಂದು ಬಾಗಿಲಿನ ಒಂದು ಮಗ್ಗುಲು ಹೊಡೆದು, ಟ್ಯಾಂಕು ತುಂಬುವವರೆಗೆ ಕಾದು, ಇನ್ನೊಂದು ಮಗ್ಗುಲು. ರಿಂಗು, ವಾಲ್ವು, ಬೆಲ್ಟು ಜಿಲ್ಲಾ ಕೇಂದ್ರದ ಯಾವ ಮೆಷಿನರಿ ಅಂಗಡಿಯಲ್ಲೂ ಸಿಗುತ್ತವೆ, ಬಿಚ್ಚಿ ಜೋಡಿಸುವ ಮಿಸ್ತ್ರಿಯೂ ಸಿಗುತ್ತಾನೆ. ಹೊಸದು ಕೊಳ್ಳುವಾಗ ಬೆಲೆ ಜಾಸ್ತಿ, ಜಾಗವೂ ಜಾಸ್ತಿ, ಒಮ್ಮೆ ಇಟ್ಟ ಕಡೆಯಿಂದ ಅಲುಗಾಡಿಸಲು ಇಬ್ಬರು ಬೇಕು.

ಎಣ್ಣೆಯ ವಿಷಯದಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಬೈಕಿಗೆ ತಂದು ಮಿಕ್ಕಿದ ಎಂಜಿನ್ ಆಯಿಲ್ ಹಾಕಬೇಡಿ. ಅದರಲ್ಲಿರುವ ಡಿಟರ್ಜೆಂಟು ಗಾಳಿಯ ತೇವವನ್ನು ಎಣ್ಣೆಯೊಂದಿಗೆ ಬೆರೆಸಿ ಮಜ್ಜಿಗೆಯ ಬಣ್ಣಕ್ಕೆ ತರುತ್ತದೆ, ಬಿಸಿ ವಾಲ್ವಿನ ಮೇಲೆ ಮಸಿ ಕಟ್ಟುತ್ತದೆ. ಕಂಪ್ರೆಸರ್ ಆಯಿಲ್ ಎಂದೇ ಕೇಳಿ, ನಮ್ಮ ಸೆಕೆಗೆ ವಿಜಿ 100 ದರ್ಜೆ (ವಿಜಿ ಎಂಬುದು ಎಣ್ಣೆಯ ಮಂದತನದ ಅಳತೆ) ಹೊಂದುತ್ತದೆ. ಹೊಸ ಯಂತ್ರದ ಮೊದಲ ಎಣ್ಣೆಯನ್ನು 50 ಗಂಟೆ ಓಡಿದ ಮೇಲೆ ಬದಲಿಸಿ. ರಿಂಗು ಹೊಂದಿಕೊಳ್ಳುವಾಗ ಉದುರಿದ ಲೋಹದ ಪುಡಿ ಅದರಲ್ಲಿರುತ್ತದೆ.

*ಏರ್‌ಬ್ರಷ್ ಕಂಪ್ರೆಸರ್.* ಆರನೇ ಒಂದು ಎಚ್‌ಪಿ, 20–25 ಲೀಟರ್ ಗಾಳಿ, 3 ಲೀಟರಿನ ಪುಟ್ಟ ಟ್ಯಾಂಕು, 50–60 ಡೆಸಿಬಲ್. ಟ್ಯಾಂಕಿಲ್ಲದ್ದನ್ನು ಕೊಂಡರೆ ಗಾಳಿ ಮಿಡಿಯುತ್ತ ಬರುತ್ತದೆ, ಗೆರೆಯಲ್ಲಿ ಆ ಮಿಡಿತ ಕಾಣುತ್ತದೆ. ಕಾರಿನ ಚಕ್ರಕ್ಕೆ ಇದನ್ನು ಹಚ್ಚಬೇಡಿ.

*ಹಳೆ ಫ್ರಿಜ್ಜಿನ ಕಂಪ್ರೆಸರ್.* ಸದ್ದೇ ಮುಖ್ಯ ಅನ್ನುವವರೆಲ್ಲ ಒಂದಲ್ಲ ಒಂದು ದಿನ ಇಲ್ಲಿಗೆ ಬರುತ್ತಾರೆ. 40–45 ಡೆಸಿಬಲ್, ರಾತ್ರಿ ಪಕ್ಕದ ಕೋಣೆಯಲ್ಲಿ ಮಲಗಿದವರಿಗೂ ಗೊತ್ತಾಗದು. ಆದರೆ ಲೆಕ್ಕ ಹಾಕಿ: 7 ಸಿಸಿಯ ಪಿಸ್ಟನ್ನು ನಿಮಿಷಕ್ಕೆ 2850 ಸಲ ಎಳೆದರೂ 20 ಲೀಟರ್. ಏರ್‌ಬ್ರಷ್‌ಗೆ ಸಾಕು, 10 ಲೀಟರಿನ ಟ್ಯಾಂಕು ಇಟ್ಟುಕೊಂಡರೆ ಅಪರೂಪಕ್ಕೆ ಮೊಳೆ ಗನ್ನಿಗೂ ಆದೀತು. ಫ್ರಿಜ್ಜಿನಲ್ಲಿದ್ದಾಗ ತಣ್ಣಗೆ ಮರಳಿ ಬರುವ ಗ್ಯಾಸು ಅದರ ಮೋಟಾರನ್ನು ತಂಪಾಗಿಡುತ್ತಿತ್ತು. ಹೊರಗಿನ ಬಿಸಿ ಗಾಳಿ ಎಳೆಯುವಾಗ ಅದಿಲ್ಲ, ಹಾಗಾಗಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಕೈಯಿಡಲಾಗದಷ್ಟು ಕಾಯುತ್ತದೆ. ಒಳಗಿನ ಎಣ್ಣೆ ಗಾಳಿಯ ಜೊತೆ ಸಣ್ಣಗೆ ಹೊರಗೆ ಬರುತ್ತದೆ, ಫಿಲ್ಟರ್ ಇಲ್ಲದಿದ್ದರೆ ಪೇಂಟಿನ ಮೇಲೆ ಮೀನುಗಣ್ಣಿನಂಥ ಗುಳಿ ಏಳುತ್ತದೆ.

ಇದನ್ನು ಮಾಡುವವರು ಎರಡು ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು. ಫ್ರಿಜ್ಜಿನ ಗ್ಯಾಸು ಆರ್600ಎ ಆಗಿದ್ದರೆ ಅದು ಹೊತ್ತಿಕೊಳ್ಳುವ ಐಸೊಬ್ಯುಟೇನ್. ಕೊಳವೆಯನ್ನು ಗ್ಯಾಸ್ ಕಟ್ಟರಿನಿಂದ ಕತ್ತರಿಸುವುದಂತೂ ಬೇಡವೇ ಬೇಡ. ಫ್ರಿಜ್ ಮೆಕ್ಯಾನಿಕ್ ಕೈಯಲ್ಲಿ ಗ್ಯಾಸು ತೆಗೆಸಿ, ಆಮೇಲೆ ಕೊಳವೆ ಕತ್ತರಿಯಿಂದ ಕತ್ತರಿಸಿ. ಎರಡನೆಯದು, ಈ ಕಂಪ್ರೆಸರಿಗೆ ತಾನಾಗಿ ನಿಲ್ಲುವ ಒತ್ತಡವಿಲ್ಲ, ತಡೆಯುವವರಿಲ್ಲದಿದ್ದರೆ 15 ಬಾರ್ ದಾಟಿಯೂ ತಳ್ಳುತ್ತದೆ. ಒತ್ತಡ ತುಂಬಿದಾಗ ಮೋಟಾರು ನಿಲ್ಲಿಸುವ ಪ್ರೆಶರ್ ಸ್ವಿಚ್ಚು, ಅದು ಕೈಕೊಟ್ಟರೆ ಗಾಳಿ ಹೊರಬಿಡುವ ಸೇಫ್ಟಿ ವಾಲ್ವು ಎರಡೂ ಇರಲೇಬೇಕು. ಟ್ಯಾಂಕಿಗಾಗಿ ಎಲ್‌ಪಿಜಿ ಸಿಲಿಂಡರಿಗೆ ವೆಲ್ಡಿಂಗ್ ಮಾಡಿಸುವವರಿದ್ದಾರೆ. ಬೇಡ.

ಸದ್ದಿನ ಅಂಕಿ, ಸದ್ದಿನ ಮೂಲ

ಡೆಸಿಬಲ್ 10 ಏರಿದರೆ ಕಿವಿಗೆ ಸದ್ದು ಹತ್ತಿರಹತ್ತಿರ ಎರಡರಷ್ಟು ಅನಿಸುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ 6 ಡೆಸಿಬಲ್ ಇಳಿಯುತ್ತದೆ. ಹೀಗಾಗಿ ಒಂದೇ ಯಂತ್ರವನ್ನು ಒಂದು ಮೀಟರಿನಲ್ಲಿ ಅಳೆದು 72 ಎನ್ನಬಹುದು, ನಾಲ್ಕು ಮೀಟರಿನಲ್ಲಿ ಅಳೆದು 60 ಎನ್ನಬಹುದು, ಎರಡೂ ಸುಳ್ಳಲ್ಲ. ಎಷ್ಟು ದೂರದಿಂದ ಅಳೆದದ್ದು ಎಂದು ಬರೆಯದ ಡೆಸಿಬಲ್ಲಿಗೆ ಬೆಲೆ ಕೊಡಬೇಡಿ. ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂಬ ಮಿತಿ ಇದೆ. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ.

ಸದ್ದು ಹುಟ್ಟುವುದು ಮುಖ್ಯವಾಗಿ ಗಾಳಿ ಎಳೆಯುವ ಬಾಯಲ್ಲಿ. ಪಿಸ್ಟನ್ ಪ್ರತಿ ಸಲ ಎಳೆದಾಗ ಬರುವ "ಪಟ ಪಟ" ಅಲ್ಲಿಯದು. ಏರ್ ಫಿಲ್ಟರ್ ಬಿಚ್ಚಿ, ಅದೇ ತಿರುಪಿನ ಎಳೆಗೆ ಒಂದು ನಿಪ್ಪಲ್ ಕೂರಿಸಿ, ಒಂದೂವರೆ ಎರಡು ಮೀಟರ್ ಮೆತ್ತನೆ ರಬ್ಬರ್ ಹೋಸು ಹಾಕಿ, ಫಿಲ್ಟರನ್ನು ಆ ತುದಿಗೆ ಸಿಕ್ಕಿಸಿ ಗೋಡೆಯಾಚೆಗೆ ಬಿಟ್ಟರೆ ಕೋಣೆಯೊಳಗಿನ ಕಿರಿಕಿರಿ ಅಲ್ಲೇ ಬಹಳ ಕಡಿಮೆಯಾಗುತ್ತದೆ. ಹೋಸಿನ ಒಳವ್ಯಾಸ ಮೂಲ ತೂತಿಗಿಂತ ಸಣ್ಣದಿದ್ದರೆ ಯಂತ್ರಕ್ಕೆ ಉಸಿರುಕಟ್ಟುತ್ತದೆ, ದಪ್ಪದ್ದೇ ತನ್ನಿ.

ಆಮೇಲೆ ನೆಲದ ಮೂಲಕ ಹೋಗುವ ಅದುರು. ಅಪಾರ್ಟ್‌ಮೆಂಟಿನಲ್ಲಿ ಕೆಳಮನೆಯವರು ದೂರುವುದು ಗಾಳಿಯಲ್ಲಿ ಬಂದ ಸದ್ದಿಗಲ್ಲ, ಸ್ಲ್ಯಾಬಿನಲ್ಲಿ ಇಳಿದ "ಗುಂಯ್" ಎಂಬುದಕ್ಕೆ. ಯಂತ್ರದ ಜೊತೆ ಬರುವ ರಬ್ಬರ್ ಬುಗುಟು ಗಟ್ಟಿಯಾಗಿರುತ್ತದೆ. ದಪ್ಪ ಪ್ಲೈವುಡ್ ಹಲಗೆಯ ಮೇಲೆ ಯಂತ್ರ ಇಟ್ಟು, ಹಲಗೆಯ ಕೆಳಗೆ ಸ್ವಲ್ಪವೇ ಗಾಳಿ ತುಂಬಿದ ಸ್ಕೂಟರ್ ಟ್ಯೂಬು ಇಟ್ಟರೆ ಅದು ಎಷ್ಟೋ ಮೇಲು. ಮೂಲೆಯಲ್ಲಿ ಇಡಬೇಡಿ, ಎರಡು ಗೋಡೆ ಸೇರಿ ಸದ್ದನ್ನು ಹೊರಕ್ಕೆ ಎಸೆಯುತ್ತವೆ.

ಪೆಟ್ಟಿಗೆ ಕಟ್ಟುವವರು ಬಿಸಿಯ ಲೆಕ್ಕ ಮರೆಯುತ್ತಾರೆ. 750 ವ್ಯಾಟು ಎಳೆಯುವ ಯಂತ್ರ ಅದರಲ್ಲಿ ಬಹುಪಾಲನ್ನು ಬಿಸಿಯಾಗಿಯೇ ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟಂತೆಯೇ. 18 ಮಿ.ಮೀ. ಪ್ಲೈವುಡ್, ಒಳಗೆ 50 ಮಿ.ಮೀ. ರಾಕ್‌ವೂಲ್, ಕೆಳಗೆ ಒಂದು ಗಾಳಿಬಾಯಿ, ಮೇಲೆ 120 ಮಿ.ಮೀ. ಫ್ಯಾನು. ಎರಡೂ ಬಾಯಿಗೆ ಅಡ್ಡಹಲಗೆ ಹಾಕಿ ಗಾಳಿ ಎರಡು ತಿರುವು ತಿರುಗಿ ಬರುವಂತೆ ಮಾಡಬೇಕು, ನೇರ ತೂತಿದ್ದರೆ ಸದ್ದೂ ನೇರ ಬರುತ್ತದೆ.

ಖರ್ಚೇ ಇಲ್ಲದ ಉಪಾಯ ಇನ್ನೊಂದಿದೆ. ನಿಮ್ಮ ಉಪಕರಣಕ್ಕೆ 5 ಬಾರ್ ಸಾಕಾದರೆ ಪ್ರೆಶರ್ ಸ್ವಿಚ್ಚಿನ ಮುಚ್ಚಳದೊಳಗಿನ ಸ್ಪ್ರಿಂಗ್ ಬೋಲ್ಟನ್ನು ಸಡಿಲಿಸಿ, ನಿಲ್ಲುವ ಒತ್ತಡವನ್ನು 8ರಿಂದ 6.5ಕ್ಕೆ ಇಳಿಸಿ. ಮೊದಲು ಪ್ಲಗ್ಗು ಕೀಳಿ, ಟ್ಯಾಂಕು ಖಾಲಿ ಮಾಡಿ. ಕೊನೆಯ ಒಂದೂವರೆ ಬಾರ್ ತುಂಬುವಾಗಲೇ ಮೋಟಾರು ಹೆಚ್ಚು ತಿಣುಕುವುದು, ಹೆಡ್ಡು ಹೆಚ್ಚು ಕಾಯುವುದು. ಬಿಗಿಮಾಡಿ 8ರಿಂದ ಮೇಲೇರಿಸುವ ಆಸೆಗೆ ಮಾತ್ರ ಹೋಗಬೇಡಿ, ಟ್ಯಾಂಕು ತಾಳಲಾರದು.

ಕರೆಂಟು

ಮೋಟಾರು ಹೊರಡುವ ಕ್ಷಣಕ್ಕೆ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. 16 ಆಂಪಿಯರಿನ ಸಾಕೆಟ್ಟಿಗೇ ಹಾಕಿ. ಮನೆಯ ಯುಪಿಎಸ್ ಲೈನಿನಲ್ಲಿ ಇದನ್ನು ನಡೆಸಲಾಗದು. ವೋಲ್ಟೇಜು ಬಿದ್ದರೆ ಮೋಟಾರಿನ ತಿರುಗಿಸುವ ಬಲ ವರ್ಗದ ಲೆಕ್ಕದಲ್ಲಿ ಬೀಳುತ್ತದೆ. 230ರ ಬದಲು 180 ಬಂದರೆ ಉಳಿಯುವುದು ನೂರಕ್ಕೆ 61 ಬಲ. ಹಳ್ಳಿಯ ಮನೆಗಳಲ್ಲಿ ಸಂಜೆ ಹೊತ್ತು ಯಂತ್ರ "ಹುಂ" ಎಂದು ನಿಂತುಬಿಡುವುದಕ್ಕೆ ಕಾರಣ ಇದು. ಹಾಗೆ ಹತ್ತು ಸೆಕೆಂಡು ಬಿಟ್ಟರೆ ವೈಂಡಿಂಗ್ ಸುಟ್ಟ ವಾಸನೆ ಬರುತ್ತದೆ. ದೂರಕ್ಕೆ ಒಯ್ಯಬೇಕಾದರೆ ಎಕ್ಸ್‌ಟೆನ್ಷನ್ ವೈರು ಉದ್ದ ಮಾಡಬೇಡಿ, ಗಾಳಿಯ ಹೋಸು ಉದ್ದ ಮಾಡಿ. ವೈರು ಬೇಕೇಬೇಕೆಂದರೆ 2.5 ಚದರ ಮಿ.ಮೀ. ತಾಮ್ರದ್ದು.

ಸ್ಪ್ರೇ ಮಾಡುವ ಕೋಣೆಯಲ್ಲಿ ಕಂಪ್ರೆಸರ್ ಇಡಬಾರದು. ಪ್ರೆಶರ್ ಸ್ವಿಚ್ಚು ಪ್ರತಿ ಸಲ ಕೂಡಿ ಬಿಡುವಾಗ ಕಿಡಿ ಹಾರುತ್ತದೆ, ಥಿನ್ನರಿನ ಆವಿಗೆ ಅಷ್ಟು ಸಾಕು.

ನೀರು

ಕರಾವಳಿಯಲ್ಲಿರುವವರು ಇದನ್ನು ಎರಡು ಸಲ ಓದಿ. 30 ಡಿಗ್ರಿ ಬಿಸಿ, 80 ಶೇಕಡ ತೇವಾಂಶದ ಗಾಳಿಯ ಒಂದು ಘನ ಮೀಟರಿನಲ್ಲಿ 24 ಗ್ರಾಂ ನೀರಿನಾವಿ ಇರುತ್ತದೆ. ಖಾಲಿ 24 ಲೀಟರ್ ಟ್ಯಾಂಕು 8 ಬಾರಿಗೆ ತುಂಬುವಷ್ಟರಲ್ಲಿ ಅದರೊಳಗೆ 216 ಲೀಟರ್ ಗಾಳಿ, ಅದರ ಜೊತೆ 5 ಗ್ರಾಂ ನೀರು ಸೇರಿರುತ್ತದೆ. ಒತ್ತಿದ ಗಾಳಿ ತಣಿದ ಮೇಲೆ ಆವಿಯಾಗಿ ಉಳಿಯುವುದು ಮುಕ್ಕಾಲು ಗ್ರಾಮಿಗೂ ಕಡಿಮೆ. ಅಂದರೆ ಒಂದು ಸಲ ತುಂಬಿದರೆ ಹೆಚ್ಚುಕಡಿಮೆ ಒಂದು ಟೀ ಚಮಚ ನೀರು ಟ್ಯಾಂಕಿನ ತಳಕ್ಕೆ. ಉಡುಪಿಯಲ್ಲೋ ಮಂಗಳೂರಿನಲ್ಲೋ ಜುಲೈ ತಿಂಗಳಲ್ಲಿ ಹತ್ತು ಸಲ ತುಂಬಿದರೆ ಸಣ್ಣ ಲೋಟದಷ್ಟು. ಬೆಂಗಳೂರಿನ 24 ಡಿಗ್ರಿ, 60 ಶೇಕಡದ ದಿನ ಇದರ ಅರ್ಧ.

ಆ ನೀರು ಒಳಗೆ ನಿಂತರೆ ಟ್ಯಾಂಕು ಒಳಗಿನಿಂದ ತುಕ್ಕು ತಿನ್ನುತ್ತದೆ, ಹೊರಗಿನ ಬಣ್ಣ ಹೊಸದರಂತೆಯೇ ಇರುತ್ತದೆ. ಕೆಲಸ ಮುಗಿದ ಮೇಲೆ ಒತ್ತಡ 1–2 ಬಾರಿಗೆ ಇಳಿಸಿ ಕೆಳಗಿನ ಡ್ರೇನ್ ತಿರುಪು ಬಿಚ್ಚಿ, ಗಾಳಿಯೇ ನೀರನ್ನು ತಳ್ಳಲಿ. ತಿರುಪಿನ ಜಾಗಕ್ಕೆ ಕಾಲಿಂಚಿನ ಬಾಲ್ ವಾಲ್ವು, ಒಂದು ಎಲ್ಬೋ ಹಾಕಿಕೊಂಡರೆ ಪ್ರತಿ ದಿನ ಬಗ್ಗಿ ಒದ್ದಾಡುವುದು ತಪ್ಪುತ್ತದೆ. ಎಲ್ಬೋ ತಾಗದಂತೆ ಮೊದಲು ನೆಲಕ್ಕೂ ಟ್ಯಾಂಕಿಗೂ ನಡುವಿನ ಜಾಗ ಅಳೆಯಿರಿ. ಪೇಂಟಿಂಗ್ ಮಾಡುವವರಿಗೆ ಗನ್ನಿನ ಹತ್ತಿರ ಇನ್ನೊಂದು ನೀರಿನ ಫಿಲ್ಟರ್ ಬೇಕು. ಯಂತ್ರದ ಬುಡದಲ್ಲೇ ಫಿಲ್ಟರ್ ಇಟ್ಟರೆ ಬಿಸಿ ಗಾಳಿ ಆವಿಯಾಗಿಯೇ ಅದನ್ನು ದಾಟಿ, ಮುಂದೆ ಹೋಸಿನಲ್ಲಿ ನೀರಾಗುತ್ತದೆ.

ಹೋಸಿನ ವಿಚಾರಕ್ಕೆ ಬಂದರೆ, ಮೊಳೆ ಗನ್ನಿಗೆ 8 ಮಿ.ಮೀ. ಪಿಯು (ಪಾಲಿಯುರೆಥೇನ್) ಪೈಪು ಸಾಕು. ಅದರ ಒಳತೂತು 5 ಮಿ.ಮೀ. ಮಾತ್ರ, ಆದ್ದರಿಂದ ಸ್ಪ್ರೇ ಗನ್ನಿಗೆ 8 ಮಿ.ಮೀ. ಒಳತೂತಿನ ರಬ್ಬರ್ ಹೋಸು ಬೇಕು. ಗೋಡೆಯ ಮೇಲೆ ಲೈನು ಎಳೆಯಲು ನೀರಿನ ಪಿವಿಸಿ ಪೈಪು ಬಳಸಲೇಬಾರದು. ನೀರು ತುಂಬಿದ ಪಿವಿಸಿ ಒಡೆದರೆ ಸೋರುತ್ತದೆ, ಗಾಳಿ ತುಂಬಿದ್ದು ಒಡೆದರೆ ಚೂರುಗಳಾಗಿ ಸಿಡಿಯುತ್ತದೆ.

ಅಂಗಡಿಯಲ್ಲೇ ಮಾಡುವ ಪರೀಕ್ಷೆ

ಖಾಲಿ ಟ್ಯಾಂಕಿನಿಂದ ಚಾಲೂ ಮಾಡಿಸಿ. ಗೇಜಿನ ಮುಳ್ಳು 4 ಬಾರಿಗೆ ಬಂದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, 6ಕ್ಕೆ ಬಂದಾಗ ನಿಲ್ಲಿಸಿ. ಟ್ಯಾಂಕಿನ ಲೀಟರನ್ನು 2ರಿಂದ ಗುಣಿಸಿ, ಸೆಕೆಂಡಿನಿಂದ ಭಾಗಿಸಿ, 60ರಿಂದ ಗುಣಿಸಿ. 24 ಲೀಟರಿಗೆ 40 ಸೆಕೆಂಡು ಹಿಡಿದರೆ ನಿಮಿಷಕ್ಕೆ 72 ಲೀಟರ್. ಅದೇ ಆ ಯಂತ್ರದ ನಿಜವಾದ ಗಾಳಿ. ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ 48ಕ್ಕಿಂತ ಕಡಿಮೆ, 750 ವ್ಯಾಟಿನ ಹೆಸರಿಗೆ ಅದು ಸಾಲದು.

ತುಂಬಿ ನಿಂತಾಗ ಸ್ವಿಚ್ಚಿನ ಬುಡದಿಂದ "ಟಸ್ಸ್" ಎಂದು ಒಂದೆರಡು ಸೆಕೆಂಡು ಗಾಳಿ ಬರಬೇಕು. ಅದು ಹೆಡ್ಡಿನಲ್ಲಿ ಉಳಿದ ಒತ್ತಡವನ್ನು ಬಿಡುವ ಸದ್ದು. ಅದು ಬರದಿದ್ದರೆ ಮುಂದಿನ ಸಲ ಮೋಟಾರು ಒತ್ತಡದ ಎದುರು ಹೊರಡಬೇಕಾಗುತ್ತದೆ, ಹೊರಡಲಾರದೆ ಗುಂಯ್‌ಗುಡುತ್ತದೆ. ಬಂದದ್ದು ನಿಲ್ಲದೆ ಸೋರುತ್ತಲೇ ಇದ್ದರೆ ತಪ್ಪು ಸ್ವಿಚ್ಚಿನದಲ್ಲ. ಟ್ಯಾಂಕಿನ ಬಾಯಲ್ಲಿರುವ ನಾನ್ ರಿಟರ್ನ್ ವಾಲ್ವಿನಲ್ಲಿ ಕಸ ಕೂತಿದೆ, ಟ್ಯಾಂಕಿನ ಗಾಳಿ ಹಿಂದಕ್ಕೆ ಬರುತ್ತಿದೆ. ಎಷ್ಟೋ ಮಂದಿ ಸ್ವಿಚ್ಚು ಬದಲಿಸಿ ದುಡ್ಡು ಕಳೆಯುತ್ತಾರೆ. ಟ್ಯಾಂಕು ಖಾಲಿ ಮಾಡಿ ಆ ವಾಲ್ವು ಬಿಚ್ಚಿ ಒಳಗಿನ ರಬ್ಬರ್ ಬಿಲ್ಲೆ ಒರೆಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಆಮೇಲೆ ಬ್ಲೋ ಗನ್ನಿನಿಂದ ಗಾಳಿ ಬಿಟ್ಟು ಮೋಟಾರು ಮತ್ತೆ ತಾನಾಗಿ ಹೊರಡುವುದನ್ನು ಎರಡು ಮೂರು ಸಲ ನೋಡಿ. ಸೇಫ್ಟಿ ವಾಲ್ವಿನ ಉಂಗುರ ಎಳೆದು ಗಾಳಿ ಬರುತ್ತದೆಯೇ ನೋಡಿ. ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಮುಳ್ಳು ಅಲುಗಬಾರದು. ಇಳಿಯುತ್ತಿದ್ದರೆ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿದಾಗ ಸೋರುವ ಕಡೆ ಗುಳ್ಳೆ ಏಳುತ್ತದೆ.

ಸೆಕೆಂಡ್ ಹ್ಯಾಂಡ್ ಬೆಲ್ಟಿನ ಯಂತ್ರ ನೋಡುವಾಗ ಪಂಪಿಗಿಂತ ಟ್ಯಾಂಕು ಮುಖ್ಯ. ಪಂಪಿಗೆ ಹೊಸ ರಿಂಗು ಹಾಕಬಹುದು. ಡ್ರೇನ್ ಬಿಚ್ಚಿದಾಗ ಕಂದು ನೀರು ಬಂದರೆ ಅಷ್ಟೇನೂ ಗಾಬರಿಯಿಲ್ಲ, ತುಕ್ಕಿನ ಹಕ್ಕಳೆ ಬಂದರೆ ಬೇಡ. ತಳದಲ್ಲಿ ವೆಲ್ಡಿಂಗ್ ತೇಪೆ ಇದ್ದರೆ ಚೌಕಾಸಿಗೂ ನಿಲ್ಲಬೇಡಿ. ಅನುಮಾನವಿದ್ದ ಟ್ಯಾಂಕನ್ನು ಪರೀಕ್ಷಿಸುವುದು ನೀರು ತುಂಬಿ, ಕೆಲಸದ ಒತ್ತಡದ ಒಂದೂವರೆ ಪಟ್ಟಿಗೆ ಏರಿಸಿ. ಗಾಳಿ ತುಂಬಿ ಪರೀಕ್ಷಿಸಿದರೆ ಪರೀಕ್ಷೆಯೇ ಅಪಘಾತವಾಗಬಹುದು.

ಎಣ್ಣೆರಹಿತ ಯಂತ್ರ ಕೊಳ್ಳುವ ದಿನವೇ ಅದೇ ಅಂಗಡಿಯಲ್ಲಿ ಒಂದು ಜೊತೆ ಪಿಸ್ಟನ್ ಸೀಲು, ಒಂದು ನಾನ್ ರಿಟರ್ನ್ ವಾಲ್ವು ಕೇಳಿ. ಇದ್ದರೆ ತಂದಿಟ್ಟುಕೊಳ್ಳಿ. "ಅದೆಲ್ಲ ಸಿಗಲ್ಲ ಸಾರ್, ಹಾಳಾದ್ರೆ ಹೊಸ ಹೆಡ್ಡೇ ಹಾಕೋದು" ಎಂದರೆ ಬೇರೆ ಬ್ರ್ಯಾಂಡು ತೋರಿಸಲು ಹೇಳಿ.